ಕಾರಣ ತಿಳಿಯದ ಸಾವು: ವಿಷ ಪರೀಕ್ಷೆಯನ್ನು ಯಾರ ಕೈಗೆ ಕೊಡುವುದು?

ನಮ್ಮ ಚಿಕ್ಕಪ್ಪ ಸ್ನಾನಕ್ಕೆಂದು ಬಚ್ಚಲಿಗೆ ಹೋದವರು ಮುಕ್ಕಾಲು ಗಂಟೆಯಾದರೂ ಹೊರಗೆ ಬರಲಿಲ್ಲ. ಬಾಗಿಲು ಮುರಿದು ನೋಡಿದರೆ ನೆಲದ ಮೇಲೆ ಬಿದ್ದಿದ್ದರು. ಬಂದ ವೈದ್ಯರು ನಾಡಿ ಹಿಡಿದು ‘ಹೃದಯಾಘಾತ ಇರಬೇಕು’ ಎಂದರು. ಬೆಳಿಗ್ಗೆ ಎಂಟಕ್ಕೆ ಹೋದ ಜೀವ, ಮಧ್ಯಾಹ್ನ ಮೂರರ ಹೊತ್ತಿಗೆ ಚಿತೆಯ ಮೇಲಿತ್ತು. ವೈಕುಂಠ ಸಮಾರಾಧನೆಯ ದಿನ ಬಂದವರೆಲ್ಲ ಊಟ ಮಾಡಿ ಹೊರಟ ಮೇಲೆ ಅವರ ಮಗ ನನ್ನನ್ನು ಹಿತ್ತಲಿಗೆ ಕರೆದು ಒಂದು ಪ್ಲಾಸ್ಟಿಕ್ ಕವರ್ ತೋರಿಸಿದ. ಒಳಗೆ ಅಪ್ಪನ ಬಾಚಣಿಗೆ. ‘ಇದರಲ್ಲಿ ಕೂದಲು ಉಳಿದಿದೆ ಅಣ್ಣಾ. ಖಾಸಗಿ ಲ್ಯಾಬಿಗೆ ಕೊಟ್ಟರೆ ವಿಷ ಇತ್ತೋ ಇಲ್ಲವೋ ಹೇಳುತ್ತಾರಂತೆ, ಹೌದೇ?’

ಅವನಿಗೆ ಯಾರ ಮೇಲೋ ಅನುಮಾನವಿತ್ತು. ಆಸ್ತಿಯ ಜಗಳ ಇದ್ದ ಮನೆ. ನನ್ನ ಕಣ್ಣು ಮಾತ್ರ ಬಚ್ಚಲಿನ ಗೋಡೆಯ ಮೇಲಿದ್ದ ಗ್ಯಾಸ್ ಗೀಸರ್ ಮೇಲೆ ಹೋಯಿತು. ಚಳಿಗೆಂದು ಕಿಟಕಿಯ ಸಂದಿಗೆ ಹಳೆಯ ಬಟ್ಟೆ ತುರುಕಿದ್ದರು. ಅದು ಕಾರ್ಬನ್ ಮಾನಾಕ್ಸೈಡ್ ಆಗಿದ್ದರೆ ಅಂದಿನ ಒಂದು ಸಿರಿಂಜ್ ರಕ್ತ ಸಾಕಿತ್ತು. ಆ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಕೂರುತ್ತದೆ, ಸತ್ತ ಮೇಲೂ ಬೇಗ ಬಿಡುವುದಿಲ್ಲ. ಕೂದಲಿಗೆ ಮಾತ್ರ ಅದು ಯಾವ ಗುರುತನ್ನೂ ಹಾಕುವುದಿಲ್ಲ. ಎಷ್ಟೇ ಹಣ ಸುರಿದರೂ ಆ ಬಾಚಣಿಗೆ ಅವನ ಪ್ರಶ್ನೆಗೆ ಉತ್ತರ ಹೇಳುವಂತಿರಲಿಲ್ಲ.

ನಾನು ವೈದ್ಯನಲ್ಲ. ಕೋರ್ಟು, ಠಾಣೆ, ಶವಾಗಾರಗಳ ಸುದ್ದಿ ಬರೆಯುತ್ತ ಅರ್ಧ ಆಯುಷ್ಯ ಕಳೆದವನು. ಆದ್ದರಿಂದಲೋ ಏನೋ, ಇಂಥ ಪ್ರಶ್ನೆ ಹಿಡಿದು ಬರುವವರು ಇದ್ದೇ ಇರುತ್ತಾರೆ. ಸರ್ಕಾರಿ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯದ) ವರದಿಗೆ ಕಾಯಬೇಕೇ, ಖಾಸಗಿಯಾಗಿ ಮಾಡಿಸಬೇಕೇ, ಬಂದ ವರದಿ ನಂಬದಿದ್ದರೆ ಮುಂದೇನು ಎಂದು ಕೇಳುತ್ತಾರೆ. ಎಲ್ಲರಿಗೂ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಲ್ಯಾಬಿನ ಹೆಸರು ಕೇಳುವ ಮೊದಲು

ಮೊದಲು ತೀರ್ಮಾನವಾಗಬೇಕಾದದ್ದು ಉತ್ತರ ಯಾರಿಗೆ ಬೇಕು ಎಂಬುದು. ಅಪರಾಧಿಗೆ ಶಿಕ್ಷೆಯಾಗಬೇಕು ಎಂದಾದರೆ ನ್ಯಾಯಾಲಯ ಒಪ್ಪುವ ದಾರಿಯಲ್ಲೇ ಹೋಗಬೇಕು. ವಿಮೆಗೋ ಪರಿಹಾರಕ್ಕೋ ಆದರೆ ಆ ಕಚೇರಿ ಕೇಳುವ ಕಾಗದ ಬೇಕು. ‘ನಮ್ಮ ಮಕ್ಕಳಿಗೂ ಹೀಗಾದೀತೇ’ ಎಂಬ ಭಯವಾದರೆ ವಿಷಕ್ಕಿಂತ ಹೃದಯ ಮತ್ತು ಅನುವಂಶೀಯತೆಯ ಪರೀಕ್ಷೆ ಉಪಯುಕ್ತ. ಮನಸ್ಸಿನ ಸಮಾಧಾನವಷ್ಟೇ ಬೇಕಾದರೆ ಕಾಗದದ ಮೇಲಿನ ಮುದ್ರೆಗಿಂತ ಒಬ್ಬ ಒಳ್ಳೆಯ ವೈದ್ಯರು ಕೂತು ವಿವರಿಸುವ ಒಂದು ಗಂಟೆ ಹೆಚ್ಚು.

ಎರಡನೆಯದು, ಮಾದರಿ ಏನಿದೆ ಮತ್ತು ಅದು ಯಾರ ವಶದಲ್ಲಿದೆ ಎಂಬುದು. ರಕ್ತವೇ, ಮೂತ್ರವೇ, ಒಳಾಂಗವೇ, ಕೂದಲೇ, ಉಳಿದ ಸಾರಿನ ಪಾತ್ರೆಯೇ? ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಪ್ರಕರಣ ಇಲ್ಲೇ ಇತ್ಯರ್ಥವಾಗುತ್ತವೆ. ಮೂರನೆಯದು, ಏನನ್ನು ಹುಡುಕಬೇಕು ಎಂಬುದು. ಪ್ರಯೋಗಾಲಯಗಳು ‘ವಿಷ’ ಎಂಬ ಒಂದೇ ವಸ್ತುವನ್ನು ಹುಡುಕುವುದಿಲ್ಲ. ಕೀಟನಾಶಕಕ್ಕೆ ಒಂದು ವಿಧಾನ, ಲೋಹಕ್ಕೆ ಇನ್ನೊಂದು, ನಿದ್ರೆ ಮಾತ್ರೆಗೆ ಮತ್ತೊಂದು, ಹಾವಿನ ವಿಷಕ್ಕೆ ಬೇರೆಯದೇ. ನಾಲ್ಕನೆಯದು ಕಾಲ. ಹಣದ ಮಾತು ಇವೆಲ್ಲದರ ನಂತರ, ಏಕೆಂದರೆ ಅತ್ಯಂತ ಬೆಲೆಬಾಳುವ ಪರೀಕ್ಷೆಗೆ ಸರ್ಕಾರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ.

ಠಾಣೆಯ ದಾರಿ: ಖರ್ಚಿಲ್ಲ, ಕಾಯುವುದು ತಪ್ಪುವುದಿಲ್ಲ

ಅಸಹಜ ಅಥವಾ ಸಂಶಯಾಸ್ಪದ ಸಾವಿನ ಮಾಹಿತಿ ಹೋದರೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ಪ್ರಕರಣ ದಾಖಲಿಸಿ ಶವ ಪಂಚನಾಮೆ ನಡೆಸುತ್ತಾರೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಲ್ಲಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅವಳ ಸಾವಿನ ಬಗ್ಗೆ ಅನುಮಾನವಿದ್ದರೆ ಶವಪರೀಕ್ಷೆ ತಪ್ಪಿಸುವಂತಿಲ್ಲ. ಶವಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲೋ ಅನುಮತಿ ಪಡೆದ ವೈದ್ಯಕೀಯ ಕಾಲೇಜಿನಲ್ಲೋ ಆಗುತ್ತದೆ. ‘ಸೂರ್ಯ ಮುಳುಗಿದ ಮೇಲೆ ಕೊಯ್ಯುವುದಿಲ್ಲ’ ಎಂಬ ಹಳೆಯ ಮಾತನ್ನು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಸಡಿಲಿಸಿದೆ. ಆದರೆ ಕೊಲೆ, ಆತ್ಮಹತ್ಯೆ, ಸಂಶಯದ ಸಾವುಗಳಿಗೆ ಸಾಮಾನ್ಯವಾಗಿ ಈಗಲೂ ಬೆಳಗಾಗಬೇಕು.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಶವಪರೀಕ್ಷೆಯಾಯಿತು ಎಂದ ಮಾತ್ರಕ್ಕೆ ವಿಷ ಪರೀಕ್ಷೆಯಾಯಿತು ಎಂದಲ್ಲ. ಒಳಾಂಗ ತೆಗೆದಿಡಬೇಕೇ ಎಂಬುದನ್ನು ಪೊಲೀಸರ ಕೋರಿಕೆ ಮತ್ತು ಕಂಡ ಲಕ್ಷಣ ನೋಡಿ ವೈದ್ಯರು ನಿರ್ಧರಿಸುತ್ತಾರೆ. ತೆಗೆದರೆ ಜಠರ ಮತ್ತು ಅದರೊಳಗಿನ ಪದಾರ್ಥ, ಸಣ್ಣ ಕರುಳಿನ ಒಂದು ತುಂಡು, ಯಕೃತ್ತಿನ ಭಾಗ, ಎರಡೂ ಮೂತ್ರಪಿಂಡಗಳ ಅರ್ಧರ್ಧ, ರಕ್ತ, ಸಿಕ್ಕರೆ ಮೂತ್ರ. ಒಳಾಂಗಗಳನ್ನು ಸಾಮಾನ್ಯವಾಗಿ ಅಡುಗೆ ಉಪ್ಪಿನ ಗಾಢ ದ್ರಾವಣದಲ್ಲಿ ಇಡುತ್ತಾರೆ. ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಬೆರೆಸುತ್ತಾರೆ. ಫಾರ್ಮಲಿನ್‌ನಲ್ಲಿ ಇಟ್ಟ ತುಂಡು ಅಂಗಾಂಶ ಪರೀಕ್ಷೆಗೆ ಸರಿ, ವಿಷ ಪರೀಕ್ಷೆಗೆ ಬಹುಮಟ್ಟಿಗೆ ಕೆಟ್ಟಂತೆಯೇ. ಬಾಟಲಿಗೆ ಸೀಲು ಬಿದ್ದು, ಸೀಲಿನ ಮಾದರಿ ಪ್ರತ್ಯೇಕವಾಗಿ ಹೋಗಿ, ಪೊಲೀಸ್ ಸಿಬ್ಬಂದಿ ಅದನ್ನು ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಂಥ ಪ್ರಾದೇಶಿಕ ಪ್ರಯೋಗಾಲಯಕ್ಕೋ ಮುಟ್ಟಿಸುತ್ತಾರೆ. ಅಲ್ಲಿಯವರೆಗೆ ಶವಪರೀಕ್ಷೆಯ ವರದಿಯಲ್ಲಿ ‘ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಎಂಬ ಒಂದು ಸಾಲು ಇರುತ್ತದೆ.

ಆ ಒಂದು ಸಾಲು ತಿಂಗಳುಗಟ್ಟಲೆ ಹಾಗೆಯೇ ನಿಲ್ಲಬಹುದು. ವರ್ಷ ದಾಟಿದ ಕಡತಗಳನ್ನೂ ನೋಡಿದ್ದೇನೆ. ಆತ್ಮಹತ್ಯೆ ಮಾಡಿಕೊಂಡ ರೈತರ ಕುಟುಂಬಕ್ಕೆ ಸರ್ಕಾರ ಕೊಡುವ 5 ಲಕ್ಷ ರೂಪಾಯಿ ಪರಿಹಾರದ ಅರ್ಜಿಗಳೂ ಈ ವರದಿಗಾಗಿ ತಾಲ್ಲೂಕು ಕಚೇರಿಯಲ್ಲಿ ಕಾದು ಕೂತದ್ದುಂಟು. ನಿಧಾನ ಎನ್ನುವ ಒಂದೇ ಕಾರಣಕ್ಕೆ ಈ ದಾರಿಯನ್ನು ಬಿಟ್ಟವರು ಮಾತ್ರ ಆಮೇಲೆ ಪಶ್ಚಾತ್ತಾಪ ಪಟ್ಟಿದ್ದಾರೆ. ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು, ಅವರು ಕಟಕಟೆಗೆ ಬಾರದೆಯೇ, ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು (ಹೊಸ ಸಂಹಿತೆಯ 329ನೇ ಕಲಮು). ಖಾಸಗಿ ಲ್ಯಾಬಿನ ವರದಿಗೆ ಈ ಅನುಕೂಲವಿಲ್ಲ. ಅದನ್ನು ಮಾಡಿದವರೇ ಬಂದು ತಜ್ಞಸಾಕ್ಷ್ಯ ನುಡಿಯಬೇಕು, ಪಾಟೀ ಸವಾಲಿಗೆ ನಿಲ್ಲಬೇಕು.

ಎಲ್ಲ ಸಂದರ್ಭದಲ್ಲೂ ನಿಧಾನ ಎಂದೂ ಅಲ್ಲ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳವಾಡಿಯಲ್ಲಿ ಮಾರಮ್ಮನ ಪ್ರಸಾದ ತಿಂದು 17 ಮಂದಿ ಸತ್ತರಲ್ಲ, ಆಗ ಪ್ರಸಾದದಲ್ಲಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಎಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು. ಉಳಿದ ಪ್ರಸಾದವೇ ಕೈಯಲ್ಲಿತ್ತು, ಆಸ್ಪತ್ರೆಯಲ್ಲಿದ್ದವರ ಲಕ್ಷಣಗಳು ಯಾವ ಗುಂಪಿನ ವಿಷ ಎಂದು ಆಗಲೇ ಸೂಚಿಸುತ್ತಿದ್ದವು. ಏನನ್ನು ಹುಡುಕಬೇಕೆಂದು ತಿಳಿದ ಲ್ಯಾಬು ಬೇಗ ಹುಡುಕುತ್ತದೆ. ಆದ್ದರಿಂದ ನಿಮ್ಮ ಹೇಳಿಕೆಯಲ್ಲಿ ‘ಸಾವಿನಲ್ಲಿ ಅನುಮಾನವಿದೆ’ ಎಂದಷ್ಟೇ ಬರೆಸಿ ಕೈತೊಳೆದುಕೊಳ್ಳಬೇಡಿ. ಬಾಯಲ್ಲಿ ನೊರೆ ಇತ್ತೇ, ವಾಂತಿಯಾಗಿತ್ತೇ, ಯಾವ ಮಾತ್ರೆ ನುಂಗುತ್ತಿದ್ದರು, ಹೊಲಕ್ಕೆ ಯಾವ ಔಷಧಿ ಹೊಡೆದಿದ್ದರು, ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇತ್ತೇ, ಎಲ್ಲವೂ ಅದರಲ್ಲಿರಲಿ.

ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ರಕ್ತ

ಸಾಯುವ ಮೊದಲು ಕೆಲವು ಗಂಟೆಯಾದರೂ ಆಸ್ಪತ್ರೆಯಲ್ಲಿದ್ದವರ ಮನೆಯವರಿಗೆ ಇದು ಎಲ್ಲಕ್ಕಿಂತ ಒಳ್ಳೆಯ ಅವಕಾಶ. ಆದರೆ ಇದು ಯಾರಿಗೂ ನೆನಪಾಗುವುದಿಲ್ಲ. ದಾಖಲಾದ ಕೂಡಲೇ ತೆಗೆದ ರಕ್ತ ಬದುಕಿದ್ದವರ ರಕ್ತ. ಸತ್ತ ಮೇಲೆ ಅಂಗಗಳಿಂದ ರಕ್ತಕ್ಕೆ ಔಷಧಿ ಸೋರಿ ಅಂಕಿ ಏರುವ ತೊಡಕು ಅದರಲ್ಲಿಲ್ಲ, ಕೊಳೆತು ಮದ್ಯಸಾರ ತಾನಾಗಿಯೇ ಹುಟ್ಟುವ ಗೊಂದಲವೂ ಇಲ್ಲ. ಆಸ್ಪತ್ರೆಯ ಲ್ಯಾಬು ಉಳಿದ ಮಾದರಿಯನ್ನು ಕೆಲವು ದಿನ ತಣ್ಣಗಿಟ್ಟು ಎಸೆಯುತ್ತದೆ. ಆ ಕೆಲವು ದಿನಗಳಲ್ಲಿ ನೀವು ಅಳುತ್ತಿರುತ್ತೀರಿ. ಆದ್ದರಿಂದ ಸ್ವಲ್ಪ ಗಟ್ಟಿ ಮನಸ್ಸಿನ ಒಬ್ಬ ಸೋದರಮಾವನನ್ನೋ ಸ್ನೇಹಿತನನ್ನೋ ಈ ಕೆಲಸಕ್ಕೆಂದೇ ನಿಲ್ಲಿಸಿ. ಆಸ್ಪತ್ರೆಯ ಅಧೀಕ್ಷಕರಿಗೆ ‘ದಾಖಲಾದಾಗ ತೆಗೆದ ರಕ್ತ, ಮೂತ್ರ, ಹೊಟ್ಟೆ ತೊಳೆದ ದ್ರವವನ್ನು ಎಸೆಯದೆ ಕಾಪಾಡಿ’ ಎಂದು ಅವರು ಬರೆದುಕೊಡಲಿ.

ಪ್ರಕರಣ ಠಾಣೆಗೆ ಹೋಗಿದ್ದರೆ ಈ ಮಾದರಿಯೂ ಪೊಲೀಸರ ಮೂಲಕವೇ ಎಫ್‌ಎಸ್‌ಎಲ್‌ಗೆ ಹೋಗುವುದು ಸರಿ. ಹೋಗದಿದ್ದರೆ ಆಸ್ಪತ್ರೆಯೇ ಕೆಲವು ಪರೀಕ್ಷೆ ಮಾಡಬಲ್ಲದು. ಆರ್ಗನೋಫಾಸ್ಫೇಟ್ ಕೀಟನಾಶಕದ ಸುಳಿವು ಕೊಡುವ ಕೋಲಿನ್‌ಎಸ್ಟರೇಸ್ ಪರೀಕ್ಷೆ ದೊಡ್ಡ ಖರ್ಚಿನದಲ್ಲ. ಕಾರ್ಬನ್ ಮಾನಾಕ್ಸೈಡ್ ಪ್ರಮಾಣವನ್ನು ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಘಟಕದ ಯಂತ್ರವೇ ನಿಮಿಷಗಳಲ್ಲಿ ಹೇಳುತ್ತದೆ. ಚಿಕಿತ್ಸೆಯ ದಾಖಲೆಗಳನ್ನೂ ಅಂದೇ ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲೇ ಇದೆ.

ಖಾಸಗಿ ಪ್ರಯೋಗಾಲಯ ಯಾವುದಕ್ಕೆ ಸರಿ, ಯಾವುದಕ್ಕೆ ಅಲ್ಲ

ಒಂದು ಭ್ರಮೆಯನ್ನು ಮೊದಲೇ ಕಳೆದುಬಿಡೋಣ. ಶವಪರೀಕ್ಷೆಯಲ್ಲಿ ತೆಗೆದ ಒಳಾಂಗವನ್ನು ಮನೆಯವರು ಕೇಳಿ ಪಡೆದು ಖಾಸಗಿ ಲ್ಯಾಬಿಗೆ ಒಯ್ಯುವಂತಿಲ್ಲ. ಅದು ತನಿಖೆಯ ಸೊತ್ತು. ಹೇಗೋ ದಕ್ಕಿಸಿಕೊಂಡರೂ ಜವಾಬ್ದಾರಿಯುತ ಲ್ಯಾಬು ಪೊಲೀಸ್ ಅಥವಾ ಕೋರ್ಟಿನ ಪತ್ರವಿಲ್ಲದೆ ಮುಟ್ಟುವುದಿಲ್ಲ, ಮುಟ್ಟಿದವರ ವರದಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಖಾಸಗಿಗೆ ಉಳಿಯುವುದೇನು? ನಿಮ್ಮ ಕೈಯಲ್ಲಿ ನ್ಯಾಯವಾಗಿ ಇರುವ ವಸ್ತುಗಳು. ಉಳಿದ ಅಡುಗೆ, ಕುಡಿದ ನೀರು, ನಾಟಿ ವೈದ್ಯರು ಕೊಟ್ಟ ಪುಡಿ, ಹೊಸದಾಗಿ ಶುರುಮಾಡಿದ ಮಾತ್ರೆಯ ಪಟ್ಟಿ, ಕೂದಲು, ಉಗುರು. ಅಪರಾಧದ ವಾಸನೆ ಇಲ್ಲದಾಗ, ಮನೆಯ ಉಳಿದವರ ಸುರಕ್ಷತೆಯೇ ಪ್ರಶ್ನೆಯಾದಾಗ ಈ ಆಯ್ಕೆ ಅರ್ಥಪೂರ್ಣ. ಆಹಾರದ ಮಾದರಿಗೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಕೀಟನಾಶಕದ ಶೇಷ ಮತ್ತು ಲೋಹಗಳನ್ನು ಅಳೆಯುವ ಮಾನ್ಯತೆ ಪಡೆದ ಲ್ಯಾಬುಗಳು ಬೆಂಗಳೂರಿನಲ್ಲಿ ಹಲವಿವೆ. ಒಂದೊಂದು ಗುಂಪಿನ ಪರೀಕ್ಷೆಗೂ ಸಾವಿರಗಳ ಲೆಕ್ಕದಲ್ಲಿ ಶುಲ್ಕ. ‘ಎಲ್ಲ ವಿಷವನ್ನೂ ನೋಡಿ’ ಎಂದರೆ ಬಿಲ್ಲು ಬೆಳೆಯುತ್ತದೆ, ಉತ್ತರ ಬೆಳೆಯುವುದಿಲ್ಲ.

ಅಪರಾಧದ ಅನುಮಾನ ಇದ್ದಾಗ ಅದೇ ಸಾರಿನ ಪಾತ್ರೆಯನ್ನು ಚೀಲದಲ್ಲಿ ಹಾಕಿಕೊಂಡು ಲ್ಯಾಬಿಗೆ ಹೊರಟಿರೋ, ಪ್ರಕರಣವನ್ನು ನೀವೇ ಕೆಡಿಸಿದಂತೆ. ನಾಳೆ ಎದುರು ವಕೀಲರು ‘ವಿಷ ಹಾಕಿದವರು ನೀವೇ ಏಕಲ್ಲ?’ ಎಂದು ಕೇಳಿದರೆ ಉತ್ತರವಿಲ್ಲ. ಪಾತ್ರೆಯನ್ನು ಮುಚ್ಚಿ, ಬೀಗ ಹಾಕಿ, ಫೋಟೊ ತೆಗೆದು, ಪೊಲೀಸರಿಂದ ಮಹಜರು ಮಾಡಿಸಿ ವಶಕ್ಕೆ ಕೊಡಿ. ಉಳಿದಂತೆ ಕೈಕಟ್ಟಿ ಕೂರುವುದೇ ಒಳಿತು.

ಲ್ಯಾಬಿಗೆ ಹೋಗುವುದಾದರೆ ಗೋಡೆಯ ಮೇಲಿನ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಪ್ರಮಾಣಪತ್ರ ನೋಡಿ ಮಾರುಹೋಗಬೇಡಿ, ಮಾನ್ಯತೆಯ ವ್ಯಾಪ್ತಿ ಯಾವುದೆಂದು ನೋಡಿ. ಕುಡಿಯುವ ನೀರಿಗೆ ಮಾನ್ಯತೆ ಇರುವ ಲ್ಯಾಬಿಗೆ ಸತ್ತವರ ರಕ್ತದ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ಜಾಹೀರಾತಿನ ‘ಟಾಕ್ಸಿಕಾಲಜಿ ಪ್ಯಾಕೇಜ್’ ಬಹುತೇಕ ಬದುಕಿರುವವರ ಮೂತ್ರದಲ್ಲಿ ಗಾಂಜಾ, ಅಫೀಮು, ನಿದ್ರೆ ಮಾತ್ರೆಯಂಥ ಹತ್ತಾರು ಮಾದಕಗಳನ್ನು ಹುಡುಕುವುದಷ್ಟೇ. ಅದರಲ್ಲಿ ಕೀಟನಾಶಕ ಇರುವುದಿಲ್ಲ, ಕಣಗಿಲೆಯೂ ದತ್ತೂರಿಯೂ ಇರುವುದಿಲ್ಲ. ವರದಿಯ ಪಕ್ಕದಲ್ಲಿ ಅಚ್ಚಾದ ‘ಸಾಮಾನ್ಯ ಪ್ರಮಾಣ’ವೂ ಬದುಕಿರುವವರದ್ದೇ. ಯಾವ ವಿಧಾನ, ಎಷ್ಟು ಸಣ್ಣ ಪ್ರಮಾಣದವರೆಗೆ ಪತ್ತೆ, ಉಳಿದ ಮಾದರಿಯನ್ನು ಎಷ್ಟು ಕಾಲ ಇಡುತ್ತೀರಿ, ಬೇಕಾದರೆ ಸಾಕ್ಷಿಗೆ ಬರುತ್ತೀರಾ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಕೌಂಟರಿನ ಹಿಂದಿನ ಮುಖ ಹೇಗಾಗುತ್ತದೆ ಎಂಬುದೇ ಅರ್ಧ ಉತ್ತರ.

ಕೂದಲಿನ ಬಗ್ಗೆ ಇನ್ನೆರಡು ಮಾತು, ಏಕೆಂದರೆ ಬಾಚಣಿಗೆ ಹಿಡಿದು ಬರುವವನು ನನ್ನ ತಮ್ಮನೊಬ್ಬನೇ ಅಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ವಾರ, ತಿಂಗಳುಗಳ ಕಾಲ ಸ್ವಲ್ಪಸ್ವಲ್ಪವಾಗಿ ದೇಹ ಸೇರಿದ ಆರ್ಸೆನಿಕ್, ಥಾಲಿಯಂನಂಥ ಲೋಹಗಳ ದಿನಚರಿ ಅದರಲ್ಲಿ ಉಳಿಯುತ್ತದೆ. ನಿನ್ನೆ ರಾತ್ರಿಯ ಊಟದ ಕಥೆ ಉಳಿಯುವುದಿಲ್ಲ. ಬುಡ ಯಾವುದು, ತುದಿ ಯಾವುದು ಎಂದು ಗುರುತಿಟ್ಟು ಬುಡದಿಂದ ತೆಗೆದ ಕಟ್ಟು ಬೇಕು. ಬಾಚಣಿಗೆಯಲ್ಲಿ ಸಿಕ್ಕಿದ ಎಣ್ಣೆ, ಬಣ್ಣ, ಮನೆಮಂದಿಯ ಕೂದಲು ಎಲ್ಲ ಬೆರೆತ ಗಂಟು ಕೆಲಸಕ್ಕೆ ಬಾರದು. ಆರ್ಸೆನಿಕ್ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಯಾರೋ ಹಾಕಿದರು ಎಂದಾಗುವುದಿಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಊರುಗಳಲ್ಲಿ ಅಂತರ್ಜಲದಲ್ಲೇ ಆರ್ಸೆನಿಕ್ ಇದೆ. ಶುದ್ಧಿ ಸರಿಯಾಗದ ಭಸ್ಮೌಷಧಿಗಳಲ್ಲೂ ಇರುತ್ತದೆ. ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ತಮ್ಮ ಕವರಿನ ಬಾಯಿ ಕಟ್ಟಿದ್ದ. ನಾವು ಕೊನೆಗೆ ಮಾಡಿಸಿದ ಒಂದೇ ಪರೀಕ್ಷೆ ಗೀಸರಿನದು: ಮೆಕ್ಯಾನಿಕ್ ಬಂದು, ಹೊಗೆ ಹೊರಹೋಗುವ ಕೊಳವೆಯೇ ಇಲ್ಲದೆ ಅದನ್ನು ಅಳವಡಿಸಿದ್ದನ್ನು ತೋರಿಸಿದ. ಚಿಕ್ಕಪ್ಪ ಹೋದದ್ದು ಅದರಿಂದಲೇ ಎಂಬುದಕ್ಕೆ ಅದು ಪುರಾವೆಯಲ್ಲ. ಆದರೆ ಚಿಕ್ಕಮ್ಮ ಆ ಬಚ್ಚಲಿನಲ್ಲಿ ಸ್ನಾನ ಮಾಡುವುದನ್ನು ನಿಲ್ಲಿಸಿದರು. ಆ ಭೇಟಿಗೆ ಮೆಕ್ಯಾನಿಕ್ ತೆಗೆದುಕೊಂಡದ್ದು ಮುನ್ನೂರು ರೂಪಾಯಿ.

ವಿಷದ ಅನುಮಾನವಿಲ್ಲ, ಆದರೆ ಕಾರಣವೂ ಇಲ್ಲ

ಮೂವತ್ತರ ಹುಡುಗ ರಾತ್ರಿ ಮಲಗಿದವನು ಏಳಲಿಲ್ಲ. ಇಂಥ ಸಾವಿಗೆ ವಿಷ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡರೆ ‘ಯಾವ ವಿಷವೂ ಪತ್ತೆಯಾಗಿಲ್ಲ’ ಎಂಬ ಕಾಗದ ಬರುತ್ತದೆ, ಕಾರಣ ಮಾತ್ರ ಬರುವುದಿಲ್ಲ. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾಲು ಸಾವುಗಳ ಸುದ್ದಿಯ ನಂತರ ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿ ಪರಿಶೀಲಿಸಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳಿಗೆ ಶವಪರೀಕ್ಷೆ ಕಡ್ಡಾಯ ಮಾಡುವುದಾಗಿ ಆ ಜುಲೈನಲ್ಲಿ ಪ್ರಕಟಿಸಿತು. ಸರಿಯಾದ ದಿಕ್ಕು ಅದೇ. ಮನೆಯವರ ಒಪ್ಪಿಗೆಯ ಮೇಲೆ ವೈದ್ಯಕೀಯ ಕಾಲೇಜಿನಲ್ಲಿ ನಡೆಯುವ ರೋಗಕಾರಣದ ಶವಪರೀಕ್ಷೆ ಎಂಬುದೊಂದಿದೆ. ಅದರಲ್ಲಿ ಹೃದಯ, ಶ್ವಾಸಕೋಶ, ಮಿದುಳಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೃದಯದ ಲಯ ಕೆಡಿಸುವ ಅನುವಂಶೀಯ ತೊಂದರೆಗಳು ಅಲ್ಲೂ ಕಾಣುವುದಿಲ್ಲ. ಅವುಗಳಿಗೆ ವಂಶವಾಹಿ ಪರೀಕ್ಷೆಯೇ ಬೇಕು. ಅದಕ್ಕಾಗಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಎತ್ತಿಡಲು ವೈದ್ಯರನ್ನು ಕೇಳಿಕೊಳ್ಳಿ.

ಖಾಸಗಿ ಲ್ಯಾಬಿಗೆ ಹತ್ತಾರು ಸಾವಿರ ಖರ್ಚು ಮಾಡುವ ಶಕ್ತಿ ಇದ್ದರೆ ನನ್ನ ಪ್ರಕಾರ ಆ ಹಣ ಸಾರ್ಥಕವಾಗುವುದು ಇಲ್ಲಿ. ಶಕ್ತಿ ಇಲ್ಲದವರು ಸತ್ತವರ ಒಡಹುಟ್ಟಿದವರು ಮತ್ತು ಮಕ್ಕಳಿಗೆ ಇಸಿಜಿ, ಎಕೋ ಮಾಡಿಸಿ ಹೃದ್ರೋಗ ತಜ್ಞರಿಗೆ ಕುಟುಂಬದ ಇತಿಹಾಸ ಹೇಳಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ತಗಲುವುದು ಅತ್ಯಲ್ಪ.

ಹಾವು ಕಚ್ಚಿರಬಹುದು ಎಂಬ ಸಂಶಯವಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ರಾಸಾಯನಿಕ ಪರೀಕ್ಷೆಯಲ್ಲಿ ಹಾವಿನ ವಿಷ ತಾನಾಗಿ ಬಂದು ಕಾಣಿಸಿಕೊಳ್ಳುವುದಿಲ್ಲ. ಕಚ್ಚಿದ ಗುರುತಿನ ಚರ್ಮ, ಲಕ್ಷಣ, ಸ್ಥಳದ ವಿವರ ನೋಡಿಯೇ ವೈದ್ಯರು ಅಭಿಪ್ರಾಯ ಬರೆಯುತ್ತಾರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾದ 2 ಲಕ್ಷ ರೂಪಾಯಿಗೂ ಹಾವು ಕಡಿತದ ಸಾವಿನಲ್ಲಿ ಆಸ್ಪತ್ರೆಯ ದಾಖಲೆಯೇ ಆಧಾರ.

ವರದಿ ಬಂತು, ಒಪ್ಪಲಾಗುತ್ತಿಲ್ಲ

‘ವಿಷ ಪತ್ತೆಯಾಗಿಲ್ಲ’ ಎಂದರೆ ವಿಷ ಇರಲಿಲ್ಲ ಎಂದು ಓದಬಾರದು. ವಾಂತಿಯಲ್ಲಿ ಹೋಗಿರಬಹುದು, ಚಿಕಿತ್ಸೆಯ ದಿನಗಳಲ್ಲಿ ದೇಹವೇ ಕರಗಿಸಿರಬಹುದು, ಬಾಟಲಿಗೆ ತಪ್ಪು ಸಂರಕ್ಷಕ ಬಿದ್ದಿರಬಹುದು, ಆ ವಸ್ತುವನ್ನು ಹುಡುಕಿಯೇ ಇಲ್ಲದಿರಬಹುದು. ಹಾಗೆಯೇ ‘ಪತ್ತೆಯಾಗಿದೆ’ ಎಂದರೂ ಸಾವಿಗೆ ಅದೇ ಕಾರಣ ಎಂದಲ್ಲ. ವೈದ್ಯರೇ ಕೊಟ್ಟ ಮಾತ್ರೆಯೂ ಪತ್ತೆಯಾಗುತ್ತದೆ. ಈ ಹಂತದಲ್ಲಿ ಹೊಸ ಪರೀಕ್ಷೆಗೆ ಓಡುವ ಮೊದಲು ಇರುವ ಕಾಗದಗಳನ್ನು ನಿವೃತ್ತ ವಿಧಿವೈದ್ಯಶಾಸ್ತ್ರ ಪ್ರಾಧ್ಯಾಪಕರೊಬ್ಬರಿಗೆ ಓದಿಸಿ. ಮಧ್ಯಮವರ್ಗದ ಜೇಬಿಗೆ ನಾನು ಮೊದಲು ಹೇಳುವ ಖಾಸಗಿ ಖರ್ಚು ಇದೇ. ಎಷ್ಟೋ ಬಾರಿ ಅವರು ಅರ್ಧ ಗಂಟೆಯಲ್ಲಿ ‘ಇಲ್ಲಿ ಕೇಳಬೇಕಾದ ಪ್ರಶ್ನೆ ಇದು’ ಎಂದು ಬೆರಳಿಟ್ಟು ತೋರಿಸುತ್ತಾರೆ. ಆಗ ವಕೀಲರ ಕೆಲಸವೂ ಸಲೀಸಾಗುತ್ತದೆ.

ಆ ಮೇಲೂ ಅನುಮಾನ ಉಳಿದರೆ ನ್ಯಾಯಾಲಯ. ಠಾಣೆ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು, ನಂತರ ಹೊಸ ಸಂಹಿತೆಯ 175(3)ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಉಳಿದ ಒಳಾಂಗವನ್ನು ಹೈದರಾಬಾದಿನ ಕೇಂದ್ರೀಯ ಪ್ರಯೋಗಾಲಯದಂಥ ಬೇರೆ ಕಡೆಗೆ ಕಳಿಸಲು ಕೋರಬಹುದು. ಹೂಳಿದ ದೇಹವಾದರೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆಯಬಹುದು, ನಮ್ಮ ದೇಶದಲ್ಲಿ ಅದಕ್ಕೆ ಇಷ್ಟು ವರ್ಷ ಎಂಬ ಗಡುವಿಲ್ಲ. ಲಿಂಗಾಯತರು, ಮುಸ್ಲಿಮರು, ಕ್ರೈಸ್ತರ ಮನೆಗಳಿಗೆ ಉಳಿದಿರುವ ಈ ಬಾಗಿಲು ಸುಡುವವರಿಗೆ ಮೂರನೆಯ ದಿನ ಅಸ್ಥಿ ಆಯ್ದಾಗಲೇ ಬಹುತೇಕ ಮುಚ್ಚಿರುತ್ತದೆ. ಹೊರತೆಗೆಯುವಾಗ ಸುತ್ತಲಿನ ಮಣ್ಣನ್ನೂ ಸ್ವಲ್ಪ ದೂರದ ಮಣ್ಣನ್ನೂ ತೆಗೆಯಬೇಕು, ಇಲ್ಲವಾದರೆ ದೇಹದಲ್ಲಿ ಸಿಕ್ಕ ಲೋಹ ನೆಲದ್ದೋ ಎಂಬ ಪ್ರಶ್ನೆ ಏಳುತ್ತದೆ.

ದೊಡ್ಡ ಲ್ಯಾಬು ಎಂದರೆ ದೊಡ್ಡ ಉತ್ತರ ಎಂಬ ನಂಬಿಕೆ ಇದ್ದವರು ರಾಜಕಾರಣಿ ಶಶಿ ತರೂರ್ ಅವರ ಪತ್ನಿ ಸುನಂದಾ ಪುಷ್ಕರ್ ಪ್ರಕರಣವನ್ನು ನೆನೆಯಲಿ. 2014ರ ಜನವರಿಯಲ್ಲಿ ದೆಹಲಿಯ ಹೋಟೆಲಿನಲ್ಲಿ ಆದ ಆ ಸಾವಿನ ಒಳಾಂಗದ ಮಾದರಿ ಮರುವರ್ಷ ಅಮೆರಿಕದ ಎಫ್‌ಬಿಐ ಪ್ರಯೋಗಾಲಯಕ್ಕೂ ಹೋಗಿಬಂತು. ಅದಾದ ಮೇಲೂ ವೈದ್ಯಕೀಯ ಮಂಡಳಿ ಕೂರಬೇಕಾಯಿತು, ಪ್ರಕರಣ 2021ರವರೆಗೆ ಎಳೆಯಿತು.

ಹೊರದೇಶದಲ್ಲಿ ಆದ ಸಾವು

ಅಮೆರಿಕದಲ್ಲಿ ಚಿತ್ರ ಬೇರೆ. ಅಲ್ಲಿ ಕೌಂಟಿಯ ವೈದ್ಯಕೀಯ ಪರೀಕ್ಷಕರು ಪ್ರಕರಣವನ್ನು ಕೈಗೆತ್ತಿಕೊಳ್ಳದಿದ್ದರೆ ಕುಟುಂಬವೇ ಹಣ ಕೊಟ್ಟು ಖಾಸಗಿ ಶವಪರೀಕ್ಷೆ ಮಾಡಿಸಬಹುದು. ಸಾಮಾನ್ಯವಾಗಿ ಮೂರರಿಂದ ಐದು ಸಾವಿರ ಡಾಲರ್, ವಿಷ ಪರೀಕ್ಷೆಗೆ ಮತ್ತೆ ಬೇರೆ. ಪೆನ್ಸಿಲ್ವೇನಿಯಾದ ಎನ್‌ಎಂಎಸ್ ಲ್ಯಾಬ್ಸ್‌ನಂಥ ಖಾಸಗಿ ಪ್ರಯೋಗಾಲಯಗಳು ಸರ್ಕಾರಿ ಕಚೇರಿಗಳಿಗೂ ಕೆಲಸ ಮಾಡುತ್ತವೆ, ಆದ್ದರಿಂದ ಅಲ್ಲಿ ‘ಖಾಸಗಿ’ ಎಂಬ ಮಾತಿಗೆ ಇಲ್ಲಿನ ಅನುಮಾನ ಅಂಟಿಲ್ಲ. ಹೃದಯದ ರಕ್ತದ ಜೊತೆಗೆ ತೊಡೆಯ ರಕ್ತನಾಳದ ರಕ್ತವನ್ನೂ ತೆಗೆಯಲು ಹೇಳಿ. ಇಂಗ್ಲೆಂಡಿನಲ್ಲಿ ಸಂಶಯದ ಸಾವು ಕಾರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ಕೈಗೆ ಹೋಯಿತೆಂದರೆ ಅವರ ಒಪ್ಪಿಗೆಯಿಲ್ಲದೆ ಯಾವ ಪರೀಕ್ಷೆಯೂ ನಡೆಯದು. ಗಲ್ಫಿನಲ್ಲಿ ಎಲ್ಲವೂ ಅಲ್ಲಿನ ಪೊಲೀಸರು ಮತ್ತು ಸರ್ಕಾರಿ ವಿಧಿವಿಜ್ಞಾನ ವಿಭಾಗದ ಕೈಯಲ್ಲಿ.

ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಇದನ್ನು ವಿಶೇಷವಾಗಿ ಹೇಳಬೇಕು: ವಿಮಾನದಲ್ಲಿ ದೇಹ ತರಲು ಎಂಬಾಮಿಂಗ್ ಪ್ರಮಾಣಪತ್ರ ಬೇಕು. ಎಂಬಾಮಿಂಗ್ ಎಂದರೆ ರಕ್ತ ತೆಗೆದು ಫಾರ್ಮಲಿನ್ ತುಂಬುವುದು. ‘ಊರಿಗೆ ತಂದು ಇಲ್ಲಿ ಪರೀಕ್ಷೆ ಮಾಡಿಸೋಣ’ ಎಂದುಕೊಂಡು ಕಾದವರಿಗೆ ಪೆಟ್ಟಿಗೆ ತೆರೆದಾಗ ಪರೀಕ್ಷಿಸಲು ಯೋಗ್ಯವಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಅನುಮಾನವಿದ್ದರೆ ಎಂಬಾಮಿಂಗ್‌ಗೆ ಮೊದಲೇ ಭಾರತೀಯ ರಾಯಭಾರ ಕಚೇರಿಗೆ ಬರೆಯಿರಿ, ಅಲ್ಲೇ ರಕ್ತ ತೆಗೆದಿಡಲು ಕೇಳಿ.

ಅಂದೇ ಕೊಡಬೇಕಾದ ಅರ್ಜಿ

ಕರ್ನಾಟಕದಲ್ಲಿ ಆದ ಸಾವಿಗೆ, ಶವಾಗಾರದ ಬಾಗಿಲಲ್ಲಿ ನಿಂತು ಒಂದು ಹಾಳೆಯಲ್ಲಿ ಬರೆಯಬಹುದಾದದ್ದು ಇಷ್ಟು. ಠಾಣಾಧಿಕಾರಿಗೆ ಒಂದು ಪ್ರತಿ, ಶವಪರೀಕ್ಷೆ ಮಾಡುವ ವೈದ್ಯರಿಗೆ ಇನ್ನೊಂದು ಪ್ರತಿ ಕೊಡಿ. ನಿಮ್ಮ ಪ್ರತಿಯ ಮೇಲೆ ದಿನಾಂಕ, ವೇಳೆಯೊಂದಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.

‘ಮೃತರ ಸಾವಿಗೆ ಕಾರಣ ತಿಳಿದಿಲ್ಲ. ಶವಪರೀಕ್ಷೆಯ ವೇಳೆ ಒಳಾಂಗ, ತೊಡೆಯ ರಕ್ತನಾಳದ ರಕ್ತ, ಮೂತ್ರ ಮತ್ತು ಬುಡಸಮೇತ ಕೂದಲನ್ನು ರಾಸಾಯನಿಕ ಪರೀಕ್ಷೆಗಾಗಿ ಕಾಯ್ದಿರಿಸಬೇಕು. ಹೃದಯದ ಅಂಗಾಂಶ ಪರೀಕ್ಷೆ ಮಾಡಿಸಬೇಕು, ಇಡಿಟಿಎ ಟ್ಯೂಬಿನಲ್ಲಿ ಒಂದು ರಕ್ತ ಮಾದರಿ ಉಳಿಸಬೇಕು. ಮೃತರು ಸೇವಿಸುತ್ತಿದ್ದ ಔಷಧಿಗಳು, ಕೊನೆಯ ಊಟ, ಕಂಡ ಲಕ್ಷಣ ಮತ್ತು ಸ್ಥಳದ ವಿವರ ಹಿಂಬದಿಯಲ್ಲಿದೆ. ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆಯನ್ನು ನಮಗೆ ತಿಳಿಸಬೇಕು. ವರದಿ ಬಂದು ಪ್ರಕರಣ ಮುಗಿಯುವ ತನಕ ಉಳಿದ ಮಾದರಿಗಳನ್ನು ನಾಶ ಮಾಡಬಾರದು.’

ಹಿಂಬದಿ ತುಂಬುವ ಕೆಲಸವನ್ನು ಮನೆಯಲ್ಲಿ ಅಡುಗೆ ಮಾಡುವವರನ್ನು, ಮಾತ್ರೆ ತಂದುಕೊಡುತ್ತಿದ್ದವರನ್ನು ಕೂರಿಸಿಕೊಂಡು ಮಾಡಿ. ಫೋನಿನಲ್ಲಿ ಆಜ್ಞೆ ಕೊಡುವ ಭಾವಂದಿರಿಗೆ ಅದು ಗೊತ್ತಿರುವುದಿಲ್ಲ.